ಚಕಮಕಿ ಪಿಸ್ತೂಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಟೂಲ್‌ರೂಮಿನವನು. ಪೀಣ್ಯದಲ್ಲಿ ಮೂವತ್ತು ವರ್ಷ ಲೇತು, ಡೈ, ಸ್ಪ್ರಿಂಗು ಅಂತ ಕಳೆದವನು. ಹಳೇ ಪಿಸ್ತೂಲಿನ ಹುಚ್ಚು ಹಿಡಿದದ್ದು ಒಂದು ಸಲ ಚೆನ್ನಾಗಿ ಟೋಪಿ ಹಾಕಿಸಿಕೊಂಡ ಮೇಲೆ, ಆ ಕತೆ ಮುಂದೆ ಬರುತ್ತದೆ. ಈಗ ಯಾರ ಮನೆ ಅಟ್ಟದಲ್ಲಿ ತುಕ್ಕು ಹಿಡಿದ ಪಿಸ್ತೂಲು ಸಿಕ್ಕರೂ ಫೋಟೋ ನನ್ನ ವಾಟ್ಸಾಪಿಗೆ ಬರುತ್ತದೆ. ಜೊತೆಗೆ "ಸಾರ್, ಇದು ಟಿಪ್ಪು ಕಾಲದ್ದಾ?" ಅನ್ನುವ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಅದಕ್ಕೆ ಎಲ್ಲ ಇಲ್ಲಿ ಒಟ್ಟಿಗೆ.

ಫ್ಲಿಂಟ್‌ಲಾಕ್ ಅಂದರೆ ಏನು?

ಪೇಪರಿನಲ್ಲಿ "ಸದನದಲ್ಲಿ ಮಾತಿನ ಚಕಮಕಿ" ಅಂತ ಓದುತ್ತೀರಲ್ಲ, ಅದೇ ಚಕಮಕಿ. ಫ್ಲಿಂಟ್ ಅಂದರೆ ಚಕಮಕಿ ಕಲ್ಲು. ಲಾಕ್ ಅಂದರೆ ಇಲ್ಲಿ ಬೀಗ ಅಲ್ಲ, ಪಿಸ್ತೂಲಿನ ಪಕ್ಕಕ್ಕೆ ಸ್ಕ್ರೂ ಹಾಕಿ ಕೂರಿಸಿದ ಒಂದು ಸಣ್ಣ ಯಂತ್ರ. ಕಲ್ಲನ್ನು ಉಕ್ಕಿಗೆ ಬಡಿದು ಕಿಡಿ ಎಬ್ಬಿಸಿ ಮದ್ದಿಗೆ ಬೆಂಕಿ ಹಚ್ಚುವುದು ಅದರ ಕೆಲಸ, ಅಷ್ಟೇ. ಬೆಂಕಿಪೆಟ್ಟಿಗೆ ಬರುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಚಕಮಕಿ ಕಲ್ಲನ್ನು ಉಕ್ಕಿನ ತುಂಡಿಗೆ ಬಡಿದು ಅರಳೆಗೆ ಕಿಡಿ ತಾಗಿಸಿ ಬೆಂಕಿ ಮಾಡುತ್ತಿದ್ದರು. ಅದನ್ನೇ ಒಂದು ಸ್ಪ್ರಿಂಗಿಗೆ ಕಟ್ಟಿ, ಒಂದು ಬೆರಳಲ್ಲಿ ಆಗುವ ಹಾಗೆ ಮಾಡಿದ್ದಾರೆ.

ಕೆಲಸ ಮಾಡುವುದು ಹೇಗೆ? ಬಿಡಿಸಿ ಹೇಳಿ.

ಇದನ್ನು ಸಮಾಧಾನವಾಗಿ ಓದಿ. ಇದು ಗೊತ್ತಾದರೆ ಅಸಲಿ ಯಾವುದು ನಕಲಿ ಯಾವುದು ಅಂತ ನನ್ನನ್ನು ಕೇಳುವ ಅಗತ್ಯವೇ ಬರುವುದಿಲ್ಲ.

ಹೊರಗೆ ಕಾಣುವ ಭಾಗ ನಾಲ್ಕೇ. ಮೊದಲನೆಯದು ಕುದುರೆ. ಬಂದೂಕಿನ ಮೇಲೆ ಬಾತುಕೋಳಿ ಕತ್ತಿನ ಹಾಗೆ ಬಾಗಿರುವ ತುಂಡು ಅದು. ಅದರ ಬಾಯಲ್ಲಿ ಎರಡು ದವಡೆ, ದವಡೆ ನಡುವೆ ಚಕಮಕಿ ಕಲ್ಲು, ಕಲ್ಲು ಜಾರದಿರಲಿ ಅಂತ ಸುತ್ತ ಒಂದು ತುಂಡು ಚರ್ಮ ಅಥವಾ ತೆಳು ಸೀಸದ ತಗಡು, ಮೇಲೆ ಬಿಗಿ ಮಾಡಲು ಒಂದು ಸ್ಕ್ರೂ. ಎರಡನೆಯದು ಕುದುರೆಯ ಎದುರಿಗೆ ನಿಂತಿರುವ ಉಕ್ಕಿನ ಮುಚ್ಚಳ, ಇಂಗ್ಲಿಷಿನವರು ಫ್ರಿಜನ್ ಅನ್ನುತ್ತಾರೆ. ಮೂರನೆಯದು ಆ ಮುಚ್ಚಳದ ಕೆಳಗಿರುವ ಪುಟ್ಟ ಬಟ್ಟಲು. ಇದರೊಳಗೆ ಒಂದು ಚಿಟಿಕೆ ನುಣುಪಾದ ಮದ್ದು ಹಾಕುತ್ತಾರೆ, ಅದಕ್ಕೆ ರಂಜಕ ಅಂತ ಹೆಸರು. ನಾಲ್ಕನೆಯದು ಕಿವಿ. ಬಟ್ಟಲಿನ ಪಕ್ಕದಲ್ಲಿ ನಳಿಗೆಯ ಗೋಡೆಗೆ ಕೊರೆದ ಸಣ್ಣ ತೂತು, ಒಳಗಿರುವ ಮುಖ್ಯ ಮದ್ದಿಗೆ ದಾರಿ ಅದೊಂದೇ.

ಕುದುರೆಯನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದಾಗ ಒಳಗೆ 'ವಿ' ಆಕಾರದ ಗಟ್ಟಿ ಸ್ಪ್ರಿಂಗು ಬಾಗಿ ನಿಲ್ಲುತ್ತದೆ. ಒಂದು ಕೊಕ್ಕೆ ಕುದುರೆಯನ್ನು ಹಿಡಿದಿಟ್ಟಿರುತ್ತದೆ. ಕೆಳಗಿನ ಕೀಲು, ಅಂದರೆ ಟ್ರಿಗರ್, ಒತ್ತಿದರೆ ಕೊಕ್ಕೆ ಬಿಡುತ್ತದೆ, ಕುದುರೆ ಮುಂದಕ್ಕೆ ಹಾರುತ್ತದೆ, ಕಲ್ಲು ಉಕ್ಕಿನ ಮುಚ್ಚಳವನ್ನು ಮೇಲಿಂದ ಕೆಳಕ್ಕೆ ಕೆರೆಯುತ್ತದೆ. ಆ ಏಟಿಗೆ ಮುಚ್ಚಳವೂ ಮುಂದಕ್ಕೆ ಬಿದ್ದು ಬಟ್ಟಲು ಬಾಯಿ ತೆರೆಯುತ್ತದೆ. ಕಿಡಿಗಳು ರಂಜಕದ ಮೇಲೆ ಬೀಳುತ್ತವೆ, ಭಗ್ ಅಂತ ಉರಿ ಏಳುತ್ತದೆ, ಆ ಉರಿ ಕಿವಿಯಿಂದ ಒಳಗೆ ನುಗ್ಗಿ ದೊಡ್ಡ ಮದ್ದಿಗೆ ತಾಗುತ್ತದೆ, ಸೀಸದ ಗುಂಡು ಹೊರಗೆ. ಇಷ್ಟೂ ಒಳ್ಳೆ ಪಿಸ್ತೂಲಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಬೇಗ ಮುಗಿಯುತ್ತದೆ.

ಕಲ್ಲು ಬಡಿಯುವ ಉಕ್ಕೇ ಬಟ್ಟಲಿನ ಮುಚ್ಚಳವೂ ಆಗಿದೆ, ಗಮನಿಸಿದಿರಾ? ಮುಂಚಿನ ಬಂದೂಕುಗಳಲ್ಲಿ ಇವೆರಡೂ ಬೇರೆ ಬೇರೆ ಇದ್ದವು. ಒಂದೇ ತುಂಡಿನಲ್ಲಿ ಎರಡು ಕೆಲಸ, ಅದೂ ಸರಿಯಾದ ಹೊತ್ತಿಗೆ ತಾನಾಗೇ ತೆರೆದುಕೊಳ್ಳುವ ಹಾಗೆ. ಮೂವತ್ತು ವರ್ಷ ಮೆಶೀನು ನೋಡಿದವನಿಗೂ ಇದನ್ನು ನೋಡಿದರೆ ಖುಷಿಯಾಗುತ್ತದೆ.

ಕಿಡಿ ಬರುವುದು ಕಲ್ಲಿನಿಂದ ತಾನೆ?

ಅಲ್ಲ! ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ, ನಾನೂ ಅಂದುಕೊಂಡಿದ್ದೆ. ಉರಿಯುವುದು ಉಕ್ಕು. ಕಲ್ಲಿನ ಚೂಪು ಅಂಚು ಉಕ್ಕಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಹೆರೆಯುತ್ತದೆ, ಆ ಚೂರು ಬಿಸಿಯಾಗಿ ಗಾಳಿಗೆ ಉರಿದುಹೋಗುತ್ತದೆ. ಗ್ರೈಂಡಿಂಗ್ ವೀಲಿಗೆ ಕಬ್ಬಿಣ ಹಿಡಿದಾಗ ಹಾರುವ ಕಿಡಿಯೂ ಇದೇ. ಹಾಗಾಗಿ ಮುಚ್ಚಳದ ಮುಖ ಚೆನ್ನಾಗಿ ಹದ ಕೊಟ್ಟ ಉಕ್ಕಾಗಿರಬೇಕು, ಮೆತ್ತಗಿನ ಕಬ್ಬಿಣಕ್ಕೆ ಎಷ್ಟು ಬಡಿದರೂ ಕಿಡಿ ಬರುವುದಿಲ್ಲ.

ತಮಾಷೆ ಅಂದರೆ ಸಿಗರೇಟು ಲೈಟರಿನಲ್ಲಿ ಇದು ಉಲ್ಟಾ. ಅದರಲ್ಲಿರುವ "ಕಲ್ಲು" ಕಲ್ಲೇ ಅಲ್ಲ, ಒಂದು ಮಿಶ್ರಲೋಹ. ಅಲ್ಲಿ ಉಕ್ಕಿನ ಚಕ್ರ ಕೆರೆಯುತ್ತದೆ, "ಕಲ್ಲು" ಉರಿಯುತ್ತದೆ.

ಅಸಲಿ ಕಲ್ಲು ಎಷ್ಟು ದಿನ ಬಾಳಿಕೆ ಬರುತ್ತಿತ್ತು?

ಇಪ್ಪತ್ತು ಮೂವತ್ತು ಹೊಡೆತ. ಆಮೇಲೆ ಅಂಚು ಮೊಂಡಾಗುತ್ತದೆ. ಸಿಪಾಯಿಗಳು ಜೇಬಿನಲ್ಲಿ ಬೇರೆ ಕಲ್ಲು ಇಟ್ಟುಕೊಂಡಿರುತ್ತಿದ್ದರು. ಇಂಗ್ಲೆಂಡಿನ ಬ್ರಾಂಡನ್ ಅನ್ನುವ ಊರಿನ ಜನಕ್ಕೆ ಈ ಕಲ್ಲು ಒಡೆದು ಕೊಡುವುದೇ ಕಸುಬಾಗಿತ್ತು.

ಕುದುರೆ ಅರ್ಧಕ್ಕೇ ನಿಲ್ಲುತ್ತದೆ. ಕೆಟ್ಟಿದೆಯಾ?

ಇಲ್ಲ, ಸರಿಯಾಗಿದೆ. ಒಳಗಿನ ಗಾಲಿಗೆ ಎರಡು ಹಲ್ಲು ಕಡಿದಿರುತ್ತಾರೆ. ಮೊದಲನೇ ಹಲ್ಲು ಆಳ, ಅಲ್ಲಿ ಕೊಕ್ಕೆ ಕೂತರೆ ಕೀಲು ಒತ್ತಿದರೂ ಬಿಡುವುದಿಲ್ಲ. ಅದು ಅರ್ಧ ಕುದುರೆ, ಬಾರು ಮಾಡುವಾಗಲೂ (ಅಂದರೆ ಮದ್ದು, ಗುಂಡು ತುಂಬುವಾಗ) ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವಾಗಲೂ ಹೀಗೇ ಇಡುತ್ತಿದ್ದರು. ಪೂರ್ತಿ ಎಳೆದರೆ ಎರಡನೇ ಹಲ್ಲು, ಅಲ್ಲಿಂದ ಮಾತ್ರ ಹಾರುತ್ತದೆ. ಹಲ್ಲು ಸವೆದ ಪಿಸ್ತೂಲುಗಳು ಅರ್ಧ ಕುದುರೆಯಿಂದಲೇ ಹಾರಿಬಿಡುತ್ತವೆ, ಅಂಥವು ಬಹಳ ಅಪಾಯ.

ಸಿನಿಮಾದಲ್ಲಿ ಹೊಡೆದ ಹಾಗೆ ಪ್ರತಿ ಸಲ ಹಾರುತ್ತಿತ್ತಾ?

ಎಲ್ಲಿ ಬಂತು! ಮಳೆ ಬಂದರೆ ಕತೆ ಮುಗಿಯಿತು. ಮಳೆ ಬೇಡ, ಗಾಳಿಯಲ್ಲಿ ತೇವ ಇದ್ದರೂ ಸಾಕು. ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಅದು ತೇವ ಹೀರಿದರೆ ರಂಜಕ ಹತ್ತುವುದೇ ಇಲ್ಲ. ಇನ್ನು ಕಲ್ಲು ಮೊಂಡಾಗಿದ್ದರೆ ಕಿಡಿ ಇಲ್ಲ. ಕಿವಿಯಲ್ಲಿ ಮಸಿ ಕಟ್ಟಿದ್ದರೆ ಬಟ್ಟಲಲ್ಲಿ ಮಾತ್ರ ಭಗ್ ಅಂತ ಉರಿದು, ಹೊಗೆ ಎದ್ದು, ಗುಂಡು ಒಳಗೇ ಕೂತಿರುತ್ತದೆ. ಎದುರಾಳಿಯ ಮುಂದೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ ನೋಡಿ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಕಲ್ಕತ್ತದ್ದು. 1780ರ ಆಗಸ್ಟ್ 17, ಒಳ್ಳೆ ಮಳೆಗಾಲ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೂ ಅವನದೇ ಕೌನ್ಸಿಲಿನ ಫಿಲಿಪ್ ಫ್ರಾನ್ಸಿಸ್‌ಗೂ ಜಗಳ ಹತ್ತಿ, ಇಬ್ಬರೂ ಪಿಸ್ತೂಲು ಹಿಡಿದು ಹದಿನಾಲ್ಕು ಹೆಜ್ಜೆ ದೂರದಲ್ಲಿ ನಿಂತರು. ಫ್ರಾನ್ಸಿಸ್ ಕೀಲು ಒತ್ತಿದ, ಮದ್ದು ತೇವವಾಗಿತ್ತು, ಹಾರಲಿಲ್ಲ. ಹೇಸ್ಟಿಂಗ್ಸ್ ತನ್ನ ಪಿಸ್ತೂಲು ಕೆಳಗಿಳಿಸಿ, ಅವನು ಬೇರೆ ರಂಜಕ ಹಾಕಿಕೊಳ್ಳುವ ತನಕ ಕಾದ. ಆಮೇಲೆ ಇಬ್ಬರೂ ಹೊಡೆದರು. ಗುಂಡು ತಾಗಿದ್ದು ಫ್ರಾನ್ಸಿಸ್‌ಗೆ. ಸಾಯಲಿಲ್ಲ. ಬಂಗಾಳ ಆಳುತ್ತಿದ್ದವರ ಜಗಳ ಒಂದು ಚಿಟಿಕೆ ತೇವದ ಮದ್ದಿಗಾಗಿ ಕಾದು ನಿಂತಿತ್ತು ಅಂದರೆ ಯೋಚನೆ ಮಾಡಿ.

ಎಷ್ಟು ದೂರ ಹೊಡೆಯಬಹುದಿತ್ತು?

ಒಂದು ಕೋಣೆಯ ಈ ತುದಿಯಿಂದ ಆ ತುದಿಗೆ ಅಂದುಕೊಳ್ಳಿ, ಇನ್ನೂ ಸ್ವಲ್ಪ ಜಾಸ್ತಿ. ಸಾಮಾನ್ಯ ಪಿಸ್ತೂಲಿನ ನಳಿಗೆ ಒಳಗೆ ನುಣ್ಣಗೆ, ಗೆರೆ ಇರುವುದಿಲ್ಲ. ಗುಂಡು ಉರುಟು, ನಳಿಗೆಗಿಂತ ಸ್ವಲ್ಪ ಚಿಕ್ಕದು, ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಬ್ರಿಟಿಷ್ ಕುದುರೆ ಪಡೆಯ ಪಿಸ್ತೂಲಿನ ಬಾಯಿ 16 ಮಿಲಿಮೀಟರಿನ ಮೇಲಿತ್ತು, ನಾವು ಆಡುತ್ತಿದ್ದ ಗಾಜಿನ ಗೋಲಿಯಷ್ಟು ದಪ್ಪದ ಸೀಸ. ಹತ್ತಿರದಿಂದ ತಾಗಿದರೆ ಕೈಯೋ ಕಾಲೋ ಹೋಯಿತು ಅಂತಲೇ ಲೆಕ್ಕ. ಒಂದೇ ಈಡು. ಮತ್ತೆ ಬಾರು ಮಾಡಲು ಪುರುಸೊತ್ತೆಲ್ಲಿ? ಹೊಡೆದ ಮೇಲೆ ಪಿಸ್ತೂಲನ್ನೇ ತಿರುಗಿಸಿ ಹಿಡಿದು ದೊಣ್ಣೆ ಮಾಡಿಕೊಳ್ಳುತ್ತಿದ್ದರು. ಹಿಡಿಯ ತುದಿಗೆ ಹಿತ್ತಾಳೆಯ ದಪ್ಪ ಟೋಪಿ ಇರುತ್ತದಲ್ಲ, ಅದು ಬರೀ ಚಂದಕ್ಕಲ್ಲ.

ಇದಕ್ಕೆ ಮುಂಚೆ ಏನಿತ್ತು? ಆಮೇಲೆ ಏನು ಬಂತು?

ಮುಂಚೆ ಬತ್ತಿ ಬಂದೂಕು. ಉರಿಯುವ ಹಗ್ಗದ ಬತ್ತಿಯನ್ನು ಬಟ್ಟಲಿಗೆ ತಾಗಿಸುವುದು. ಕತ್ತಲಲ್ಲಿ ಬತ್ತಿಯ ಕೆಂಡ ಕಂಡು ಅಡಗಿ ಕೂತವನು ಸಿಕ್ಕಿಬೀಳುತ್ತಿದ್ದ. ಸೊಂಟಕ್ಕೆ ಸಿಕ್ಕಿಸುವ ಪಿಸ್ತೂಲಿಗಂತೂ ಉರಿಯುವ ಬತ್ತಿ ಆಗದ ಮಾತು. ಆಮೇಲೆ ಕೀಲಿ ಕೊಟ್ಟು ತಿರುಗಿಸುವ ಚಕ್ರದ ಬಂದೂಕು ಬಂತು. ಅದು ದುಬಾರಿ, ಗಡಿಯಾರ ರಿಪೇರಿ ಮಾಡುವವನೇ ಬೇಕು. ಹದಿನೇಳನೇ ಶತಮಾನದ ಶುರುವಿನಲ್ಲಿ ಫ್ರಾನ್ಸಿನಲ್ಲಿ ಚಕಮಕಿ ಯಂತ್ರಕ್ಕೆ ಈಗ ನಾವು ನೋಡುವ ರೂಪ ಬಂತು. ಮಾರೆ ಲ ಬೂರ್ಜ್ವಾ ಅನ್ನುವ ಕುಶಲಕರ್ಮಿಯ ಹೆಸರು ಹೇಳುತ್ತಾರೆ.

ಇದಕ್ಕೆ ಕೊನೆ ಹಾಡಿದವನು ಒಬ್ಬ ಪಾದ್ರಿ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್. ಅವನಿಗೆ ಹಕ್ಕಿ ಬೇಟೆಯ ಚಟ. ಬಟ್ಟಲಲ್ಲಿ ಭಗ್ ಅಂದದ್ದೇ ತಡ ಬಾತುಗಳು ಗುಂಡು ಬರುವ ಮುಂಚೆಯೇ ಹಾರಿಹೋಗುತ್ತಿದ್ದವು. ಆ ಸಿಟ್ಟಿಗೆ, ಏಟು ಬಿದ್ದ ಕೂಡಲೇ ಸಿಡಿಯುವ ಮದ್ದನ್ನು ಬಂದೂಕಿಗೆ ಒಗ್ಗಿಸಿದ. 1807ರಲ್ಲಿ ಪೇಟೆಂಟ್. ಅದರಿಂದ ಮುಂದೆ ತಾಮ್ರದ ಕೇಪು, ಅಂದರೆ ಆ ಸಿಡಿಮದ್ದು ತುಂಬಿದ ಪುಟ್ಟ ಟೋಪಿ, ಬಂತು. ಮಲೆನಾಡಿನಲ್ಲಿ ಅಜ್ಜಂದಿರು "ಕೇಪಿನ ಕೋವಿ" ಅನ್ನುತ್ತಿದ್ದದ್ದು ಅದನ್ನೇ. ಗೊಂದಲ ಬೇಡ, ಕೇಪಿನ ಕೋವಿಗೂ ಚಕಮಕಿ ಕೋವಿಗೂ ಒಂದು ತಲೆಮಾರಿನ ಅಂತರ.

ನಮ್ಮ ಕಡೆ ಇವನ್ನು ಮಾಡುತ್ತಿದ್ದರಾ?

ಮಾಡುತ್ತಿದ್ದರು, ಅದೂ ಜೋರಾಗಿ. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಆದ ಚಕಮಕಿ ಬಂದೂಕು, ಪಿಸ್ತೂಲುಗಳು ಈಗಲೂ ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಲೂಟಿಯಲ್ಲಿ ಹೋದದ್ದು. ಯಂತ್ರ ಯುರೋಪಿನ ಮಾದರಿ, ಅಲಂಕಾರ ಪೂರ್ತಿ ಇಲ್ಲಿಯದು: ಹುಲಿ ಪಟ್ಟೆ, ಹುಲಿಯ ಆಕಾರದ ಕುದುರೆ, ಹುಲಿ ಮುಖದ ಹಾಗೆ ಜೋಡಿಸಿದ ಅಕ್ಷರ. ಟಿಪ್ಪು ಆಯುಧ ಕಾರ್ಖಾನೆಗಳನ್ನು ತಾರಾಮಂಡಲ ಅನ್ನುತ್ತಿದ್ದ. ನಮ್ಮ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಹತ್ತಿರ ತಾರಾಮಂಡಲಪೇಟೆ ಅಂತ ಇದೆಯಲ್ಲ, ಹೆಸರು ಅಲ್ಲಿಂದ.

ನನ್ನ ಹತ್ತಿರ ಇರುವುದು ಬಾರು ಮಾಡಿದ್ದೇ ಇರಬಹುದಾ?

ಇರಬಹುದು, ನಗಬೇಡಿ. ಕರಿಮದ್ದು ಒಣಗಿದ್ದರೆ ನೂರಿನ್ನೂರು ವರ್ಷ ಆದರೂ ಸಿಡಿಯುತ್ತದೆ. ಹಳೇ ಪಿಸ್ತೂಲು ಸಿಕ್ಕಿದ ತಕ್ಷಣ ಕುದುರೆ ಎಳೆದು ಟಕ್ ಟಕ್ ಮಾಡುವುದು, ಬಾಯಿಗೆ ಕಣ್ಣಿಟ್ಟು ನೋಡುವುದು, ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯುವುದು, ಇವು ಮೂರೂ ಬೇಡ. ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಒಂದು ಮರದ ಕಡ್ಡಿಯನ್ನು ಮೆಲ್ಲಗೆ ನಳಿಗೆಯೊಳಗೆ ಬಿಡಿ. ಎಲ್ಲಿ ನಿಂತಿತೋ ಅಲ್ಲಿಗೆ ಗುರುತು ಹಾಕಿ. ಆಮೇಲೆ ಅದೇ ಕಡ್ಡಿಯನ್ನು ಹೊರಗಿನಿಂದ ನಳಿಗೆಗೆ ಹಿಡಿದು ಅಳೆಯಿರಿ. ಕಡ್ಡಿ ಕಿವಿಯ ತನಕ ಬಂದರೆ ಖಾಲಿ. ಎರಡು ಮೂರು ಬೆರಳು ಮುಂಚೆಯೇ ನಿಂತಿದ್ದರೆ ಒಳಗೆ ಏನೋ ಇದೆ. ತುಕ್ಕೋ, ಜೇಡರ ಗೂಡೋ, ಗುಂಡೋ ಅಂತ ನೀವು ತೀರ್ಮಾನ ಮಾಡಬೇಡಿ, ಕೆದಕಬೇಡಿ. ಹಾಗೇ ಇಟ್ಟು 112ಕ್ಕೆ ಫೋನ್ ಮಾಡಿ.

ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತದೆ?

ಈಗ ನನ್ನ ಟೋಪಿ ಕತೆ. ಪೇಟೆ ಕಡೆ ಒಬ್ಬ ವ್ಯಾಪಾರಿ ಹಿತ್ತಾಳೆ ಕೆತ್ತನೆಯ ಪಿಸ್ತೂಲೊಂದನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು, ಆಚೆ ಈಚೆ ನೋಡಿ, ದನಿ ತಗ್ಗಿಸಿ "ಸ್ವಾಮಿ, ಟಿಪ್ಪು ಸುಲ್ತಾನಂದು, ಯಾರಿಗೂ ಹೇಳಬೇಡಿ" ಅಂದ. ಯಾರಿಗೂ ಹೇಳಬೇಡಿ ಅಂದಾಗಲೇ ನನಗೆ ಹೊಳೆಯಬೇಕಿತ್ತು. ಒಂಬತ್ತು ಸಾವಿರ ಎಣಿಸಿ ಕೊಟ್ಟೆ. ಮನೆಗೆ ಬಂದು ಹೆಂಡತಿಗೆ ಇದು ಹೇಗೆ ಕೆಲಸ ಮಾಡುತ್ತದೆ ಗೊತ್ತಾ ಅಂತ ಜಂಬದಿಂದ ತೋರಿಸಲು ಹೊರಟೆ. ಕಲ್ಲು ಇಲ್ಲಿ ಬಡಿಯುತ್ತದೆ, ಕಿಡಿ ಇಲ್ಲಿ ಬೀಳುತ್ತದೆ, ಬೆಂಕಿ ಇಲ್ಲಿಂದ ಒಳಗೆ... ಅಂದೆ, ನೋಡಿದರೆ ಕಿವಿಯೇ ಇಲ್ಲ. ತೂತು ಕೊರೆದೇ ಇಲ್ಲ! ಅವಳು "ಟಿಪ್ಪು ಇದರಲ್ಲಿ ಯಾರಿಗೆ ಹೊಡೆದನಂತೆ?" ಅಂದಳು. ಆ ಪಿಸ್ತೂಲು ಇನ್ನೂ ನಮ್ಮ ಹಾಲಿನ ಗೋಡೆ ಮೇಲಿದೆ, ನನಗೆ ಬುದ್ಧಿ ಬರಲಿ ಅಂತ.

ಹಾಗಾಗಿ ಕೆತ್ತನೆ, ಹೆಸರು, ಇಸವಿ ನೋಡಬೇಡಿ. ಅವನ್ನು ಯಾರು ಬೇಕಾದರೂ ಕೊರೆಯುತ್ತಾರೆ. ಬೆಂಕಿ ಹೋಗುವ ದಾರಿ ಹಿಡಿದು ನೋಡಿ. ಕುದುರೆಯ ದವಡೆ ಸ್ಕ್ರೂ ತಿರುಗಿಸಿದರೆ ತೆರೆಯುತ್ತದಾ, ಇಲ್ಲ ಎಲ್ಲಾ ಒಂದೇ ಎರಕವಾ? ಮುಚ್ಚಳ ನಿಜವಾಗಿ ಏಳುತ್ತದಾ? ಅದರ ಮುಖದಲ್ಲಿ ಮೇಲಿಂದ ಕೆಳಕ್ಕೆ ಕಲ್ಲು ಕೆರೆದ ಗೆರೆಗಳಿವೆಯಾ? ಕನ್ನಡಿ ಹಾಗೆ ನುಣ್ಣಗಿದ್ದರೆ ಅದು ಯಾವತ್ತೂ ಕಲ್ಲು ಕಂಡಿಲ್ಲ. ಬಟ್ಟಲಿನ ತಳ ಉರಿದು ಉರಿದು ಗುಳಿ ಬಿದ್ದಿರಬೇಕು. ಕಿವಿಯ ಅಂಚು ಸವೆದು ಸ್ವಲ್ಪ ಅಗಲವಾಗಿರಬೇಕು, ಹೊಸ ಡ್ರಿಲ್ ಬಿಟ್ಟಿನ ತೂತಿನ ಹಾಗೆ ಗುಂಡಗೆ ಚೂಪಾಗಿದ್ದರೆ ಅನುಮಾನ ಪಡಿ. ಖಾಲಿ ಅಂತ ಖಾತ್ರಿಯಾಗಿದ್ದರೆ ಅದೇ ಮರದ ಕಡ್ಡಿ ಇನ್ನೊಂದು ವಿಷಯವನ್ನೂ ಹೇಳುತ್ತದೆ: ಗೋಡೆಗೆ ತೂಗುಹಾಕುವ ಮಾಲಿನಲ್ಲಿ ನಳಿಗೆಯನ್ನು ಬಾಯಿಯ ಹತ್ತಿರ ಒಂದೆರಡು ಇಂಚು ಮಾತ್ರ ಕೊರೆದಿರುತ್ತಾರೆ.

ಕೊನೆಗೆ ಮುದ್ರೆ. ಈಸ್ಟ್ ಇಂಡಿಯಾ ಕಂಪನಿಯ ಹಳೇ ಆಯುಧಗಳಲ್ಲಿ ಹೃದಯದ ಆಕಾರದ ಗುರುತು, 1808ರಿಂದ ಈಚೆಗೆ ನಿಂತ ಸಿಂಹ. ಬ್ರಿಟಿಷ್ ಸೈನ್ಯದ್ದರಲ್ಲಿ ಕಿರೀಟ, "ಟವರ್" ಅನ್ನುವ ಅಕ್ಷರ. ಇವೆಲ್ಲ ನಕಲಿಯಲ್ಲೂ ಇರುತ್ತವೆ, ಬಹಳ ಸಲ ಕಾಗುಣಿತ ತಪ್ಪಿರುತ್ತದೆ. ಇನ್ನೊಂದು ಮಾತು. ಅಸಲಿ ಚಕಮಕಿ ಪಿಸ್ತೂಲನ್ನು ಆಮೇಲೆ ಯಾರೋ ಕೇಪಿಗೆ ಬದಲಾಯಿಸಿರುವುದೂ ಉಂಟು, ಬಟ್ಟಲು, ಮುಚ್ಚಳ ತೆಗೆದ ಸ್ಕ್ರೂ ತೂತುಗಳು ಪಕ್ಕದ ತಗಡಿನಲ್ಲಿ ಉಳಿದಿರುತ್ತವೆ. ಅದನ್ನು ನಕಲಿ ಅಂತ ಎಸೆದುಬಿಡಬೇಡಿ.

ಲೈಸೆನ್ಸ್ ಬೇಕಾ?

"ಆಂಟಿಕ್ಕು ಸಾರ್, ಏನೂ ಬೇಡ" ಅಂತ ಮಾರುವವರು ಹೇಳುತ್ತಾರೆ. ಅರ್ಧ ಸತ್ಯ. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ಹಳೇ ಮಾದರಿಯ, ಪುರಾತನ ಬೆಲೆಯುಳ್ಳ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಒಂದು ಷರತ್ತು: ರಿಪೇರಿ ಮಾಡಿದರೂ ಮಾಡದಿದ್ದರೂ ಅದರಿಂದ ಗುಂಡು ಹಾರಿಸಲು ಆಗಬಾರದು. ಅಂದರೆ ಕಿವಿ, ನಳಿಗೆ, ಸ್ಪ್ರಿಂಗು ಎಲ್ಲ ಚೆನ್ನಾಗಿರುವ ಪಿಸ್ತೂಲು ಎಷ್ಟೇ ಹಳೆಯದಾದರೂ ವಿನಾಯಿತಿಗೆ ಬರುವುದಿಲ್ಲ. ಬೆಂಗಳೂರು ನಗರದಲ್ಲಿ ಲೈಸೆನ್ಸಿನ ವಿಷಯ ಪೊಲೀಸ್ ಕಮಿಷನರ್ ಕಚೇರಿಯದ್ದು. ಅಜ್ಜನ ಕಾಲದ್ದು ಅಟ್ಟದಲ್ಲಿ ಸಿಕ್ಕರೆ ಮೊದಲು ಒಬ್ಬ ವಕೀಲರನ್ನು ಕೇಳಿ, ಆಮೇಲೆ ನೆಂಟರಿಗೆ ತೋರಿಸಿ.

ಇನ್ನೊಂದು ಕಾಯ್ದೆ 1972ರದ್ದು, ಪ್ರಾಚೀನ ವಸ್ತುಗಳ ಬಗ್ಗೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ದೇಶದ ಹೊರಗೆ ಒಯ್ಯುವಂತಿಲ್ಲ, ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಇರಬೇಕು. ಅಮೆರಿಕದಲ್ಲಿರುವ ಮಗನಿಗೆ ಸೂಟ್‌ಕೇಸಿನಲ್ಲಿ ಕಳಿಸೋಣ ಅಂತ ಒಬ್ಬರು ನನ್ನನ್ನು ಕೇಳಿದ್ದರು. ಪುಣ್ಯಕ್ಕೆ ಕೇಳಿದರು.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?

ಅದು ಬೇರೆ ವಿಷಯ. ಕೊಡವರಿಗೂ ಜಮ್ಮಾ (ಸೈನಿಕ ಸೇವೆಗೆ ಬದಲಾಗಿ ಕೊಟ್ಟ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುವುದನ್ನು ಒಮ್ಮೆ ಹೋಗಿ ನೋಡಿ. ಜಯನಗರದ ಅಟ್ಟದ ಪಿಸ್ತೂಲಿಗೆ ಮಾತ್ರ ಅದು ಉತ್ತರ ಅಲ್ಲ.

ಹಾಗಾದರೆ ಉಳಿದ ಕಡೆ ಮನೆಗಳಲ್ಲಿ ಯಾಕೆ ಇಷ್ಟು ಕಡಿಮೆ?

ಬ್ರಿಟಿಷರು ಕಿತ್ತುಕೊಂಡರು. ಹಲಗಲಿ ಬೇಡರ ಪಾಠ ನೆನಪಿದೆಯಾ? 1857ರಲ್ಲಿ ಹತಾರ ಒಪ್ಪಿಸಿ ಅಂದಾಗ ಒಲ್ಲೆ ಅಂದವರು, ಅದಕ್ಕೆ ಊರಿಗೇ ಬೆಂಕಿ ಬಿತ್ತು. ಒಪ್ಪಿಸಿದ ಊರುಗಳದ್ದು ಕತೆಯಾಗಲಿಲ್ಲ, ಕೋವಿಗಳೂ ಉಳಿಯಲಿಲ್ಲ.

ಒಂದೇ ಒಂದು ಸಲ ಹೊಡೆದು ನೋಡಬಹುದಾ?

ಬೇಡ. ಇನ್ನೂರು ವರ್ಷ ತುಕ್ಕು ತಿಂದ ನಳಿಗೆ ಒಡೆದರೆ ಮೊದಲು ಹೋಗುವುದು ನಿಮ್ಮ ಕೈ, ಆಮೇಲೆ ಕಣ್ಣು. ಮದ್ದು ಇಟ್ಟುಕೊಳ್ಳುವುದಕ್ಕೂ ಕಾನೂನು ಇದೆ.

ಕ್ಲೀನ್ ಮಾಡುವುದು ಹೇಗೆ?

ಕಡಿಮೆ ಮಾಡಿದಷ್ಟೂ ಒಳ್ಳೆಯದು. ಮರಳು ಕಾಗದ, ಬ್ರಾಸೋ, ಹುಣಸೆ ಹಣ್ಣು ಯಾವುದೂ ಬೇಡ. ಕಂದು ಬಣ್ಣದ ಹಳೇ ಪದರವೇ ಅದರ ವಯಸ್ಸಿಗೆ ಸಾಕ್ಷಿ, ಅದನ್ನು ತಿಕ್ಕಿ ಫಳಫಳ ಮಾಡಿದರೆ ಅರ್ಧ ಬೆಲೆ ಹೋಯಿತು. ಮೆತ್ತನೆ ಬಟ್ಟೆಗೆ ಎರಡು ಹನಿ ಮೆಶೀನ್ ಎಣ್ಣೆ ಹಾಕಿ ಕಬ್ಬಿಣ ಒರೆಸಿ. ಮರಕ್ಕೆ ಎಣ್ಣೆ ತಾಗಿಸಬೇಡಿ. ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಸ್ಕ್ರೂ ಬಿಚ್ಚಲೇಬೇಕು ಅಂದರೆ ಸ್ಕ್ರೂಡ್ರೈವರನ್ನು ಆ ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಉಜ್ಜಿ ಹೊಂದಿಸಿಕೊಳ್ಳಿ, ಹಳೇ ಸ್ಕ್ರೂಗಳು ಕೈಯಲ್ಲಿ ಮಾಡಿದವು, ಒಂದರ ತೂತಿಗೆ ಇನ್ನೊಂದು ಕೂರುವುದಿಲ್ಲ.

ಎಲ್ಲಿ ನೋಡಬಹುದು?

ಮೊದಲು ಒಂದು ಭಾನುವಾರ ಬೆಳಿಗ್ಗೆ ಮಾರ್ಕೆಟ್ ಹತ್ತಿರದ ಕೋಟೆಗೆ ಹೋಗಿ. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ ಒಳಗೆ ನುಗ್ಗಿದ ಜಾಗದಲ್ಲಿ ಒಂದು ಕಲ್ಲು ಹಾಕಿದ್ದಾರೆ. ಅವತ್ತು ಅಲ್ಲಿ ಹಾರಿದ ಗುಂಡುಗಳ ಹಿಂದೆ ಇದೇ ಕಲ್ಲು, ಉಕ್ಕು, ಬಟ್ಟಲು ಇದ್ದವು. ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಹತ್ತಿರದ ಮದ್ದಿನ ಮನೆಯನ್ನೂ ನೋಡಿ, ದಪ್ಪ ಗೋಡೆಯದ್ದು. 2017ರಲ್ಲಿ ಜೋಡಿ ಹಳಿಗೆ ಜಾಗ ಬೇಕು ಅಂತ ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು. ಆಯುಧಗಳನ್ನು ಗಾಜಿನ ಹಿಂದೆ ಸಮಾಧಾನವಾಗಿ ನೋಡಲು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಚೆನ್ನಾಗಿದೆ. ಯಾವುದೇ ಪಿಸ್ತೂಲಿನ ಮುಂದೆ ನಿಂತರೂ ಪಕ್ಕಕ್ಕೆ ಬಾಗಿ ಕಿವಿ ಎಲ್ಲಿದೆ ಅಂತ ಹುಡುಕಿ. ನಾನು ಹಾಗೆ ಬಗ್ಗಿ ನೋಡುತ್ತಾ ಇದ್ದಾಗ ಗಾರ್ಡ್ ಬಂದು "ಏನ್ ಕಳ್ಕೊಂಡ್ರಿ ಸಾರ್?" ಅಂತ ಕೇಳಿದ್ದರು. ಒಂಬತ್ತು ಸಾವಿರ ಅಂದೆ.